ಹರಳಮ್ಮನ ಕೈಗುಣ

ರಸಾಯನಶಾಸ್ತ್ರ ವಿಭಾಗದ ಮೂರನೇ ಮಹಡಿಯ ಆ ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಪ್ರೊಫೆಸರಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನ ತನಕ ಎಲ್ಲರಿಗೂ ಅವಳು ಹರಳಮ್ಮ. ತಮಾಷೆಗೆ ಅಂಟಿದ ಹೆಸರು, ಆದರೆ ಸುಮ್ಮಸುಮ್ಮನೆ ಅಂಟಿದ್ದಲ್ಲ. ಬೇರೆಯವರ ಸೀಸೆಯಲ್ಲಿ ಬರೀ ಕೆಸರಾಗಿ ತಳ ಕಟ್ಟುವ ದ್ರಾವಣ ಅವಳ ಸೀಸೆಯಲ್ಲಿ ಮಾತ್ರ ಹಳದಿ ಹರಳಾಗಿ, ಅಂಚು ತಿದ್ದಿದಂತೆ ಬೆಳೆಯುತ್ತಿತ್ತು.

ಆ ಹರಳಿಗೊಂದು ಗುಣವಿತ್ತು. ಮಾಂಸ, ಮೀನು ಕೆಡಲು ಶುರುವಾದಾಗ ಏಳುವ ಆವಿ ನಮ್ಮ ಮೂಗಿಗೆ ತಿಳಿಯುವ ಮುಂಚೆಯೇ ಅದಕ್ಕೆ ತಿಳಿಯುತ್ತಿತ್ತು. ಹಳದಿ ಹೋಗಿ ಇಟ್ಟಿಗೆಯ ಕೆಂಪಾಗುತ್ತಿತ್ತು. ಪೊಟ್ಟಣದೊಳಗೆ ಒಂದು ಚೂರು ಅಂಟಿಸಿದರೆ ಸಾಕು, ತಿನ್ನುವವನಿಗೆ ಎಚ್ಚರಿಕೆ. ಆದರೆ ಪುಡಿಯಿಂದ ಕೆಲಸ ನಡೆಯದು, ನೆಟ್ಟಗಿನ ಹರಳೇ ಬೇಕು. ಚಿಕ್ಕ ಸೀಸೆಯಲ್ಲಿ ದ್ರಾವಣ ಹಾಕಿ, ಅದನ್ನು ಬೇರೊಂದು ದ್ರವವಿರುವ ದೊಡ್ಡ ಸೀಸೆಯೊಳಗಿಟ್ಟು, ಮುಚ್ಚಿ ಕಾಯಬೇಕು. ಹೊರಗಿನ ದ್ರವದ ಆವಿ ಒಳಗಿನದಕ್ಕೆ ಮೆಲ್ಲಗೆ ಇಳಿದಂತೆ ಹರಳು ಕಟ್ಟುತ್ತದೆ. ಅವಸರ ಮಾಡಿದಿರೋ, ಕೆಸರು.

ಅವಳ ಗಂಡನೂ ಅದೇ ಗುಂಪಿನಲ್ಲಿದ್ದ. ಇಬ್ಬರೂ ಒಟ್ಟಿಗೆ ಸಂಶೋಧನೆಗೆ ಸೇರಿದವರು, ಒಂದೇ ಬೆಂಚಿನ ಎರಡು ತುದಿಯಲ್ಲಿ ನಿಂತು ಕೆಲಸ ಮಾಡುತ್ತಲೇ ಮದುವೆಯಾದವರು. ಇವಳು ಬೆಳೆಸಿದ್ದನ್ನು ಅವನು ಎಕ್ಸ್-ರೇ ಯಂತ್ರಕ್ಕೆ ಕೊಟ್ಟು, ಬಣ್ಣ ಎಷ್ಟು ಬೇಗ ತಿರುಗಿತು, ಯಾಕೆ ತಿರುಗಿತು ಎಂದು ಅಳೆಯುತ್ತಿದ್ದ. ಅತ್ತೆಯ ಎದುರಿಗೆ ಅವನಿಗೆ 'ನೀವು' ಅನ್ನುತ್ತಿದ್ದಳು. ಪ್ರಯೋಗಾಲಯದಲ್ಲಿ ಹಳೇ ರೂಢಿಯಂತೆ 'ನೀನು', ಸಿಟ್ಟು ಬಂದರೆ 'ಏನೋ'.

ಇಬ್ಬರದೂ ವರ್ಷ ವರ್ಷ ಮುಂದುವರಿಸುವ ತಾತ್ಕಾಲಿಕ ಕೆಲಸ. ಹೀಗಿರುವಾಗ ಪ್ರೊಫೆಸರ ನಿವೃತ್ತಿ ಹತ್ತಿರವಾಯಿತು. ಅವರ ಜಾಗಕ್ಕೆ ಒಂದು ಖಾಯಂ ಹುದ್ದೆ ಬಂತು. ಪ್ರೊಫೆಸರು ಇಬ್ಬರನ್ನೂ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೋಡಿ, ಇಬ್ಬರೂ ಅರ್ಜಿ ಹಾಕಿದ್ರೆ ಆಯ್ಕೆ ಸಮಿತಿಯವರು ಇಬ್ಬರನ್ನೂ ಬಿಟ್ಟು ಹೊರಗಿನವರನ್ನ ತರ್ತಾರೆ. ಯಾರಾದ್ರೂ ಒಬ್ರು ಹಾಕಿ. ಯಾರು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ."

ಮನೆಗೆ ನಡೆದು ಬರುವಾಗ ಅವನು, "ನೀನೇ ಹಾಕು. ನಿನ್ನ ಹರಳಿಲ್ದೆ ನಾನೇನು ಅಳೀಲಿ?" ಅಂದ. ಎದ್ದು ಚಪ್ಪಲಿ ಮೆಟ್ಟಿದ ನೆಂಟರಿಗೆ 'ಊಟ ಮಾಡ್ಕೊಂಡು ಹೋಗಿ' ಅನ್ನುತ್ತಾರಲ್ಲ, ಆ ಧಾಟಿ. ಅವಳಿಗೆ ಅದು ತಿಳಿಯದೆ ಇರಲಿಲ್ಲ.

"ನೀನು ಮಾತಾಡ್ತೀಯ. ನಾನು ಸಮಿತಿ ಎದುರು ನಿಂತ್ರೆ ನಾಲಿಗೆ ಒಣಗುತ್ತೆ. ನೀನೇ ಹಾಕು. ಯಾರಿಗೆ ಸಿಕ್ಕಿದ್ರೇನು, ಬರೋದು ನಮ್ಮ ಮನೆಗೇ ತಾನೆ?"

ಅವನು ಇನ್ನೊಂದು ಸಲ 'ನೀನೇ ಹಾಕು' ಅನ್ನಲಿಲ್ಲ.

ಸಂದರ್ಶನದ ದಿನ ಅವನ ಉಪನ್ಯಾಸ ಕೇಳಲು ವಿಭಾಗದವರೆಲ್ಲ ಬಂದಿದ್ದರು. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ತುಂಬ ಅವಳ ಹರಳಿನ ಚಿತ್ರ. ಅವಳೇ ಸೂಕ್ಷ್ಮದರ್ಶಕದಡಿ ಉಸಿರು ಹಿಡಿದು ತೆಗೆದದ್ದು. ಅವನು ಚೆನ್ನಾಗಿ ಮಾತಾಡಿದ. 'ನಾವು' ಅಂತಲೇ ಅಂದ, 'ನಾನು' ಅನ್ನಲಿಲ್ಲ. ಅವಳ ಎದೆ ಉಬ್ಬಿತು. ಕೊನೆಯಲ್ಲಿ ಸಮಿತಿಯ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಕೇಳಿದರು:

"ಇಂಥ ಹರಳು ಬೆಳೆಸೋದು ತುಂಬಾ ಕಷ್ಟ ಅಂತ ಕೇಳಿದೀನಲ್ಲ?"

"ಇಲ್ಲ ಸರ್," ಅಂದ ಅವನು, ಒಂದು ಚಣವೂ ತಡೆಯದೆ. "ಅದು ತಾಳ್ಮೆಯ ಕೆಲಸ, ಯಾರು ಬೇಕಾದ್ರೂ ಮಾಡಬಹುದು. ಅದು ಯಾಕೆ ಹೀಗೆ ವರ್ತಿಸುತ್ತೆ ಅಂತ ಅರ್ಥ ಮಾಡ್ಕೊಳ್ಳೋದೇ ಕಷ್ಟ."

ಚಪ್ಪಾಳೆ ಬಿತ್ತು. ಅವಳೂ ತಟ್ಟಿದಳು. ಪಕ್ಕದವರು ತಿರುಗಿ ನೋಡುತ್ತಿದ್ದರಲ್ಲ.

ಹುದ್ದೆ ಅವನಿಗೇ ಆಯಿತು. ಪ್ರೊಫೆಸರು ಹಾರ ಹಾಕಿಸಿಕೊಂಡು ಹೋದರು. ಅವನು ಅವರ ಕೋಣೆಗೆ, ಅವರ ತಿರುಗುಕುರ್ಚಿಗೆ ಬಂದ. ಸೋಮವಾರದ ಸಭೆಯಲ್ಲಿ ಅವಳ ಬಾಯಲ್ಲಿ ಅಪ್ಪಿತಪ್ಪಿ 'ನೀನು' ಬಂದಾಗ ಸಂಶೋಧನೆಯ ಹುಡುಗರು ತಲೆ ತಗ್ಗಿಸಿ ನಕ್ಕರು. ಆಮೇಲೆ ಅವಳು ಅವನನ್ನು ಏನೂ ಅಂತ ಕರೆಯದೆ ಮಾತು ಮುಗಿಸುವುದನ್ನು ಕಲಿತಳು.

ಒಂದು ಭಾನುವಾರ ಬೆಳಿಗ್ಗೆ, ಅವಳು ಬಟ್ಟೆ ಹಿಂಡುತ್ತಿದ್ದಾಗ, ಅವನು ಬಂದು ಬಕೆಟ್ಟಿನ ಪಕ್ಕ ನಿಂತ.

"ಒಂದು ವಿಷಯ. ನಿನ್ನ ಕೆಲಸ ಮುಂದಿನ ವರ್ಷಕ್ಕೆ ಮುಂದುವರಿಸೋಕೆ ಆಗಲ್ಲ ಅಂತಾರೆ. ಒಬ್ಬರ ಕೈಕೆಳಗೆ ಅವರ ಮನೆಯವರು ಇರಬಾರ್ದಂತೆ. ನಿಯಮ."

ಅವಳು ಅಂಗಿಯ ತೋಳನ್ನು ಹಿಂಡಿ ಕೊಡವಿದಳು. "ಯಾವಾಗ ಬಂತು ಈ ನಿಯಮ?"

"ಮುಂಚಿನಿಂದಲೂ ಇದೆ."

"ನೀನು ಅರ್ಜಿ ಹಾಕುವಾಗಲೂ ಇತ್ತಾ?"

ಅವನು ಕ್ಲಿಪ್ಪುಗಳ ಡಬ್ಬಿ ಎತ್ತಿ ಅವಳ ಕೈಗೆ ಕೊಟ್ಟ.

"ಗೊತ್ತಿತ್ತಾ ನಿನಗೆ?"

"ಪ್ರೊಫೆಸರು ಆಗಲೇ ನನ್ನ ಹತ್ರ ಹೇಳಿದ್ರು. ಏನಾದ್ರೂ ದಾರಿ ಸಿಗಬಹುದು ಅಂದ್ಕೊಂಡಿದ್ದೆ ಕಣೇ."

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮಗನನ್ನು ಬಿಟ್ಟುಕೊಡುವವರಲ್ಲ ಆಕೆ, ಸೊಸೆಯನ್ನು ಹೊಗಳಿದ್ದೂ ಕಡಿಮೆ. ಆವತ್ತು ಮಾತ್ರ, ಮಗ ಒಳಗೆ ಹೋದ ಮೇಲೆ, ತಗ್ಗಿದ ದನಿಯಲ್ಲಿ, "ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯ್ತು ಅಂತಾರೆ. ನನ್ನ ಹೊಟ್ಟೇಲೇ ಹುಟ್ಟಿದ್ದು ನೋಡು," ಅಂದು, ಒಲೆಯ ಮೇಲಿನ ಹಾಲು ಉಕ್ಕೀತೆಂದು ಒಳಗೆ ಹೋದರು.

ಬಿಡುವ ಮುಂಚೆ ಹೊಸದಾಗಿ ಸೇರಿದ ಹುಡುಗಿಗೆ ಕೆಲಸ ಕಲಿಸಿಕೊಡಬೇಕೆಂದು ಅವನು ಕೇಳಿದ. ಅವಳು ಒಪ್ಪಿದಳು. ಹುಡುಗಿ ಚುರುಕು. "ಅಕ್ಕಾ, ಅಕ್ಕಾ" ಎಂದು ಬೆನ್ನ ಹಿಂದೆಯೇ ತಿರುಗುತ್ತಿದ್ದಳು. ಸೀಸೆ ತೊಳೆಯುವುದು, ಒಣಗಿಸುವುದು, ದ್ರಾವಣ ಸೋಸುವುದು, ಯಾವ ಕಪಾಟಿನಲ್ಲಿ ಯಂತ್ರಗಳ ಅದುರಾಟ ತಟ್ಟುವುದಿಲ್ಲ ಅನ್ನುವುದು, ಎಲ್ಲ ಹೇಳಿಕೊಟ್ಟಳು. ಒಂದನ್ನು ಬಿಟ್ಟು. ದೊಡ್ಡ ಸೀಸೆಯ ಮುಚ್ಚಳವನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ಅರ್ಧ ಸುತ್ತು ಹಿಂದಕ್ಕೆ ಸಡಿಲಿಸಬೇಕು. ಆವಿ ಕೂದಲೆಳೆಯಷ್ಟು ಹೊರಗೆ ಹೋಗುತ್ತಿದ್ದರೇ ಹರಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಸೀಸೆ ಹಾಳು ಮಾಡಿ ಕೈಯೇ ಕಂಡುಕೊಂಡದ್ದು.

'ಯಾರು ಬೇಕಾದ್ರೂ ಮಾಡಬಹುದಲ್ಲ, ಮಾಡ್ಲಿ' ಅಂದುಕೊಂಡು ಮನೆಗೆ ಬಂದಳು.

ವಾರ ಕಳೆಯಿತು, ತಿಂಗಳು ಕಳೆಯಿತು. ಗಂಡ ಸಂಜೆ ಮುಖ ಇಳಿಬಿಟ್ಟುಕೊಂಡು ಬರುತ್ತಿದ್ದ. "ಇವತ್ತೂ ಕೆಸರು." ಅವಳಿಗೆ ಹೊಟ್ಟೆಗೆ ಹಾಲು ಹುಯ್ದಂತಾಗುತ್ತಿತ್ತು. ತಟ್ಟೆ ಇಡುತ್ತ, "ಕೈಗುಣ ಇರಬೇಕು, ಏನು ಮಾಡೋದು," ಅನ್ನುತ್ತಿದ್ದಳು. ಹುಡುಗಿ ಫೋನ್ ಮಾಡಿ ಅಳುದನಿಯಲ್ಲಿ ಕೇಳಿದಾಗ ಮಾತ್ರ ಸೀಸೆ ತೊಳೆಯುವುದರಿಂದ ಹಿಡಿದು ಎಲ್ಲ ಮತ್ತೊಮ್ಮೆ ಹೇಳಿಕೊಡುತ್ತಿದ್ದಳು. ಮುಚ್ಚಳದ ವಿಷಯ ಹೇಳಲಿಲ್ಲ. ತನ್ನದು ಅಂತ ಉಳಿದಿದ್ದು ಅದೊಂದೇ ಅರ್ಧ ಸುತ್ತು.

ಆಮೇಲೊಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಹುಡುಗಿ ನಿಂತಿದ್ದಳು, ಅಂಗೈಯಲ್ಲಿ ಹತ್ತಿ ಸುತ್ತಿದ ಪುಟ್ಟ ಸೀಸೆ.

"ಬಂತು ಅಕ್ಕಾ! ಮೊದಲು ನಿಮಗೇ ತೋರಿಸ್ಬೇಕು ಅನ್ನಿಸ್ತು."

ಅವಳು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಾನು ಬೆಳೆಸಿದ್ದು ಸಾಸಿವೆಯಷ್ಟಾದರೆ ಇದು ಅಕ್ಕಿಕಾಳಷ್ಟು. ಒಂದು ಬಿರುಕಿಲ್ಲ, ಮಸುಕಿಲ್ಲ.

"ಹೇಗೆ ಮಾಡಿದೆ?"

"ಮುಚ್ಚಳ ಪೂರ್ತಿ ಬಿಗಿ ಮಾಡಿ, ಮೇಲೆ ಟೇಪು ಸುತ್ತಿ, ತಣ್ಣಗಿನ ಕೋಣೇಲಿ ಇಟ್ಟು ಮರೆತುಬಿಟ್ಟೆ ಅಕ್ಕಾ. ಸೀಸೆ ಹತ್ರ ಪದೇಪದೇ ಹೋಗ್ಬಾರ್ದು ಅಂತ ನೀವೇ ಹೇಳಿದ್ರಲ್ಲ. ಎಲ್ಲಾ ನೀವು ಕಲಿಸಿದ್ದೇ."

ಅವಳು ಹುಡುಗಿಯನ್ನು ಒಳಗೆ ಕರೆದು ಕೂರಿಸಿದಳು, ಚಹಾ ಮಾಡಿಕೊಟ್ಟಳು, ಬೆನ್ನು ತಟ್ಟಿದಳು. ಹುಡುಗಿ ಹೋದ ಮೇಲೆ ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು.

ಸಂಜೆ ಗಂಡ ಬಂದ. ಮುಖ ಅರಳಿತ್ತು, ಆದರೆ ಅವಳೆದುರು ಅದನ್ನು ಮಡಚಿಡಲು ಹೆಣಗುತ್ತಿದ್ದ. ಅದನ್ನು ನೋಡಲಾರದೆ ಅವಳೇ ಬಾಯಿಬಿಟ್ಟಳು.

"ನಾನು ಅವಳಿಗೆ ಪೂರ್ತಿ ಹೇಳಿಕೊಟ್ಟಿರಲಿಲ್ಲ. ಮುಚ್ಚಳದ ವಿಷಯ ಮುಚ್ಚಿಟ್ಟಿದ್ದೆ."

"ಅರ್ಧ ಸುತ್ತು ಹಿಂದಕ್ಕೆ," ಅಂದ ಅವನು, ಬೂಟಿನ ದಾರ ಬಿಚ್ಚುತ್ತ. "ಗೊತ್ತು."

"ನಿನಗೆ ಹೇಗೆ ಗೊತ್ತು?"

"ಮದುವೆಗೆ ಮುಂಚಿನಿಂದ ನಿನ್ನ ಕೈ ನೋಡ್ತಾ ಬಂದಿಲ್ವೇನೇ ನಾನು?"

"ಮತ್ತೆ ಅವಳು ಅಷ್ಟು ಒದ್ದಾಡುವಾಗ ಹೇಳಲಿಲ್ಲ ಯಾಕೆ?"

ಅವನು ಬೂಟುಗಳನ್ನು ಜೋಡಿಸಿ ಗೋಡೆಗೆ ಸರಿಸಿದ. "ಅದಾದ್ರೂ ನಿನಗೆ ಇರಲಿ ಅಂತ."

ಪ್ರೀತಿಯಿಂದಲೇ ಅಂದಿದ್ದ. ಅದೇ ಅವಳಿಗೆ ನುಂಗಲಾಗಲಿಲ್ಲ. ಸಮಿತಿಯ ಎದುರು ಅಂದ ಮಾತನ್ನು ಹೇಗೋ ಅರಗಿಸಿಕೊಂಡಿದ್ದಳು, ನಿಯಮವನ್ನೂ ಅರಗಿಸಿಕೊಂಡಿದ್ದಳು. ಇಷ್ಟು ದಿನ ತಾನು ಕದ್ದು ಸವಿದ ಸೇಡು ಇವನು ತಿಳಿದೂ ತಿಳಿದೂ ಹಾಕಿದ ಭಿಕ್ಷೆ ಎಂದು ಗೊತ್ತಾದಾಗ ಮೈಯೆಲ್ಲ ಉರಿಯಿತು. ಮಗುವಿನ ಕೈಲಿ ಬೇಕಂತ ಸೋಲುವ ದೊಡ್ಡವರ ಹಾಗೆ ಇವನು ತನ್ನೆದುರು ಸೋತಿದ್ದ.

"ನೀವು ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಇಡ್ತೀನಿ," ಅಂದಳು. ಅತ್ತೆ ಮನೆಯಲ್ಲಿರಲಿಲ್ಲ, ಪಕ್ಕದ ಮನೆಗೆ ಹೋಗಿದ್ದರು. ಆ 'ನೀವು' ಕೇಳಿ ಅವನು ತಲೆ ಎತ್ತಿ ನೋಡಿದ. ಎದ್ದು ಬಚ್ಚಲಿಗೆ ಹೋದ.

ಮುಂದಿನ ತಿಂಗಳು ಅವಳು ಊರಾಚೆಯ ಸೋಪಿನ ಕಾರ್ಖಾನೆಯ ಪರೀಕ್ಷಾಲಯಕ್ಕೆ ಸೇರಿದಳು. ಸೋಪಿನಲ್ಲಿ ನೀರೆಷ್ಟು, ಕ್ಷಾರವೆಷ್ಟು ಎಂದು ನೋಡಿ ಹೇಳುವ ಕೆಲಸ. ಬೆಳಿಗ್ಗೆ ಹಾಕಿದ್ದರ ಉತ್ತರ ಮಧ್ಯಾಹ್ನದೊಳಗೆ ಬರುತ್ತದೆ, ಕಾಯುವಂಥದ್ದು ಏನೂ ಇಲ್ಲ. ಅಲ್ಲಿ ಎಲ್ಲರೂ ಅವಳನ್ನು 'ಮೇಡಂ' ಅನ್ನುತ್ತಾರೆ. ಹಳದಿ ಹರಳಿನ ಲೇಖನ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಬಂದ ದಿನ ಗಂಡ ಅದನ್ನು ಮೇಜಿನ ಮೇಲೆ ತೆರೆದಿಟ್ಟು ಹೋಗಿದ್ದ. ಮುಖ್ಯ ಕೆಲಸ ಮಾಡಿದವರದಾದ ಮೊದಲ ಹೆಸರು ಹುಡುಗಿಯದು, ಗುಂಪಿನ ಯಜಮಾನರದಾದ ಕೊನೆಯದು ಅವನದು, ನಡುವೆ ಎಲ್ಲೋ ಅವಳದು. ಅತ್ತೆಗೆ ಹೆಸರು ಓದಿ ತೋರಿಸಿದಳು. ಅತ್ತೆ, "ನಿನ್ನದು ಇದೆಯಲ್ಲ, ಸದ್ಯ," ಅಂದರು. ಅವಳು ಹೌದು ಅಂದು, ಪತ್ರಿಕೆ ಮುಚ್ಚಿ, ಕಾರ್ಖಾನೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.