ಮುಂದೆ ಬರುವವರ ಸೌದೆ

ತೈಮಿ ಬರ್ಚ್ ಮರದ ಕೊರಡನ್ನು ನಿಲ್ಲಿಸಿ ಕೊಡಲಿ ಬೀಸಿದಳು. ಚಳಿಗೆ ಕಲ್ಲಾಗಿದ್ದ ಕೊರಡು ಒಂದೇ ಏಟಿಗೆ ಎರಡಾಯಿತು. ಧ್ರುವದ ಹತ್ತಿರದ ಈ ಉತ್ತರದ ನಾಡಿನಲ್ಲಿ ಸೂರ್ಯನೇ ಮೇಲೇಳದ ಈ ತಿಂಗಳು ಪ್ರತಿವರ್ಷ ಅವಳು ಸ್ಕೀ ಕಟ್ಟಿಕೊಂಡು ಪಲ್ಲಾಸ್ ರಾಷ್ಟ್ರೀಯ ಉದ್ಯಾನದ ಈ ಬೆಟ್ಟ ಹತ್ತುತ್ತಾಳೆ. ಬೀಗವಿಲ್ಲದ ತಂಗುಮನೆಯಲ್ಲಿ ಒಂದು ರಾತ್ರಿ ಕಳೆದು, ಒಲೆಯ ಪಕ್ಕ ಸೌದೆ, ಒಣ ಚಕ್ಕೆ ಒಟ್ಟಿ ಇಳಿಯುತ್ತಾಳೆ. ಹೋಗುವವರು ಬರುವವರಿಗೆ ಹಾಗೆ ಇಟ್ಟು ಹೋಗಬೇಕು. ಬಹಳ ವರ್ಷದ ಹಿಂದೆ ಯಾರೋ ಇಡದೆ ಹೋಗಿದ್ದರು. ಹಿಮಗಾಳಿಗೆ ಸಿಕ್ಕಿ, ಕೈ ಸೆಟೆದುಕೊಂಡು ಬಂದ ಅವಳ ಗಂಡ ಅಹ್ತಿ, ಕೊಡಲಿ ಹಿಡಿಯಲಾಗದೆ, ತಣ್ಣನೆಯ ಒಲೆಯ ಮುಂದೆ ಕೂತಲ್ಲೇ ಹೋಗಿಬಿಟ್ಟಿದ್ದ.

ಆ ಯಾರೋ ತನ್ನ ತಮ್ಮ ಉರ್ಪೊನೇ ಎಂದು ಅವಳ ಕರುಳು ಹೇಳುತ್ತಿತ್ತು. ಆ ವಾರ ಅವನೂ ಬೆಟ್ಟದಲ್ಲಿದ್ದ. ಕೇಳಿದರೆ ಬೇರೆ ದಾರಿ ಹಿಡಿದೆ ಎಂದಿದ್ದ. ಸೌದೆ ಇಡದೆ ಅಹ್ತಿಯನ್ನು ಕೊಂದವನು ನೀನೇ ಎಂದು ಅವನಿಗೆ ಬರೆದ ಕಾಗದ ಅಂದಿನಿಂದ ಅವಳ ಕೋಟಿನ ಒಳಜೇಬಿನಲ್ಲೇ ಇತ್ತು. ಅವನ ಬಾಯಿಂದ ಕೇಳದೆ ಅಂಚೆಗೆ ಹಾಕಲು ಮನಸ್ಸು ಒಪ್ಪಿರಲಿಲ್ಲ.

ಸ್ಕೀ ಸದ್ದಾಯಿತು. ತಲೆಯೆತ್ತಿದರೆ ಉರ್ಪೊ, ಗಡ್ಡದ ತುಂಬ ಮಂಜುಗಡ್ಡೆ.

"ನೀನು ಇಲ್ಲೇ ಇರ್ತೀಯ ಅಂತ ಗೊತ್ತಿತ್ತಕ್ಕ. ಒಳಗೆ ಜಾಗ ಇದ್ಯಾ?"

"ತಂಗುಮನೇಲಿ ಕೊನೆಗೆ ಬಂದೋನಿಗೇ ಮೊದಲ ಜಾಗ. ಆ ಕಟ್ಟಳೆ ಮಾಡಿದೋನ ಬಾಯಿಗೆ ಹಿಮ ಹಾಕ!" ತೈಮಿ ಒಳಗೆ ಹೋಗಿ, ಒಲೆಯ ಪಕ್ಕದಲ್ಲಿದ್ದ ತನ್ನ ಹಾಸಿಗೆಯನ್ನು ಬಾಗಿಲ ಬುಡಕ್ಕೆ ಎಸೆದಳು.

ಕಾಫಿ ಕುದಿಯಿತು. ಉರ್ಪೊ ಚಾಕು ತೆಗೆದು ನಾಳೆಗೆ ಚಕ್ಕೆ ಹೆರೆಯತೊಡಗಿದ.

"ಭೇಷ್! ಈಗ ಕಲ್ತ್ಯಾ?"

ಚಾಕು ನಿಂತಿತು. "ಅಕ್ಕ... ಆವತ್ತು ಇಲ್ಲಿದ್ದೋನು ನಾನೇ. ಗಾಳಿ ಏಳೋದ್ರೊಳಗೆ ಇಳಿದುಬಿಡೋಣ ಅಂತ ಅವಸರ. ಅಂಥ ಚಳೀಲಿ ಇನ್ಯಾರು ಬರ್ತಾರೆ ಅಂದ್ಕೊಂಡೆ."

"ಅಂದ್ಕೊಂಡ್ಯಾ! ಬಂದೋನು ನನ್ನ ಗಂಡ ಕಣೋ! ಅವನ ಹೆಣ ಇಳಿಸೋವಾಗ ಜಾರುಬಂಡಿ ಹಗ್ಗ ಹಿಡಿದಿದ್ದೆಯಲ್ಲೋ, ನನಗೇ ಧೈರ್ಯ ಹೇಳ್ತಾ! ನಾಲಿಗೆ ಹೆಂಗೆ ಹೊರಳ್ತೋ ನಿಂಗೆ?"

"ಬೈಯಿ ಅಕ್ಕ. ಬೇಕಾದ್ರೆ ಹೊಡಿ."

"ಹೊಡೆದ್ರೆ ನಿಂಗೆ ಹಗುರಾಗುತ್ತೆ. ಹೊಡೆಯಲ್ಲ." ಅವಳು ಕಾಗದ ತೆಗೆದು ತೋರಿಸಿದಳು. ಮೂಲೆಗಳು ಸವೆದಿದ್ದವು. "ಆವತ್ತೇ ಬರೆದದ್ದು. ನಿಂಗೆ."

"ಕೊಡು, ಓದ್ತೀನಿ."

"ಇಲ್ಲಿ ಕೊಟ್ರೆ ಒಲೆಗೆ ಹಾಕ್ತೀಯ. ಮನೆಗೇ ಬರುತ್ತೆ ಬಿಡು. ನಿಮ್ಮನೇಲಿ ಕಾಗದ ಒಡೆಯೋಳು ನಿನ್ನ ಹೆಂಡ್ತಿ ಕೆರ್ತು ತಾನೆ? ಊಟದ ಮೇಜಲ್ಲಿ ಗಟ್ಟಿಯಾಗಿ ಓದ್ಲಿ. ನೀನು ಕೂತು ಕೇಳು."



ಬೆಳಗ್ಗೆ ಅವನು ಏಳುವ ಮೊದಲೇ ತೈಮಿ ಹೊರಟಳು. ಅವನು ಹೆರೆದಿಟ್ಟ ಚಕ್ಕೆಗಳನ್ನು ಮುಟ್ಟಲಿಲ್ಲ; ತನ್ನವನ್ನು ಬೇರೆಯೇ ಒಟ್ಟಿದಳು.

ಕೆಳಗೆ, ರಸ್ತೆಯಂಚಿನ ಅಂಗಡಿಯಲ್ಲಿ ಸ್ಟಾಂಪು ಕೊಂಡು ಅಂಟಿಸಿದಳು. ಹೊರಗಿನ ಅಂಚೆಪೆಟ್ಟಿಗೆಯ ಬಾಯಿ ಹಿಮ ಕಟ್ಟಿ ಮುಚ್ಚಿಕೊಂಡಿತ್ತು. ಮುಷ್ಟಿಯಿಂದ ಗುದ್ದಿದಳು. ಇನ್ನೊಮ್ಮೆ ಗುದ್ದಿದಳು. ಹಿಮ ಒಡೆದು ಬಿತ್ತು. ಕಾಗದವನ್ನು ಒಳಗೆ ತಳ್ಳಿದಳು.