ಬಾವುಟ ದಾಟುವವರೆಗೆ

ಮರ್ಲಿನ್ ಡ್ರೈಸ್‌ಬಾಕ್ ಇನ್ನೂ ಬದುಕಿದ್ದಾನೆಂದು ಕೇಳಿ ವೆರೋನಾ ಸಬೋಲ್‌ಗೆ ಸಂತೋಷವಾಯಿತು. ಅವನ ಮೇಲೆ ಪ್ರೀತಿಯಿತ್ತೆಂದಲ್ಲ. ಸತ್ತವನ ಮೇಲೆ ಸೇಡು ತೀರಿಸಿಕೊಳ್ಳುವುದು ಹೇಗೆ?

ಸುದ್ದಿ ತಂದವನು ಆಲ್ಬಿನ್ ಯುಷ್ಕಾ. ಒಂದು ಕಾಲಕ್ಕೆ ಟಾರ್ಬರ್ಟ್ ಗ್ಯಾಪ್ ಊರಿನ ಲ್ಯಾಂಪ್‌ಲೈಟರ್ಸ್ ತಂಡದಲ್ಲಿ ದೊಡ್ಡ ಡ್ರಮ್ ಹೊರುತ್ತಿದ್ದವನು, ಈಗ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಹೊಟ್ಟೆ ಹೊತ್ತಿದ್ದಾನೆ. ತಂಡವನ್ನು ಮುಂದೆ ನಿಂತು ನಡೆಸುವ ಡ್ರಮ್ ಮೇಜರ್ ಆಗಿದ್ದವಳು ವೆರೋನಾ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯಲ್ಲಿ ಆಗ ಚರ್ಚಿಗೊಂದು, ಅಗ್ನಿಶಾಮಕ ಠಾಣೆಗೊಂದು ಡ್ರಮ್ ಮತ್ತು ಬ್ಯೂಗಲ್ ತಂಡ. ಬೇಸಿಗೆಯಿಡೀ ಹುಡುಗ ಹುಡುಗಿಯರು ಹಳೇ ಬಸ್ಸುಗಳಲ್ಲಿ ಊರೂರು ಸುತ್ತಿ ಸ್ಪರ್ಧೆಗಿಳಿಯುತ್ತಿದ್ದರು. ಈಗ ಒಂದೂ ಉಳಿದಿಲ್ಲ, ನೆನಪಿಟ್ಟವರೂ ಕಡಿಮೆ.

"ಮುಚ್ಚಿಹೋದ ಸಣ್ಣ ತಂಡಗಳ ನೆನಪಿಗೆ ಪಾರ್ಕಲ್ಲಿ ಕಲ್ಲು ನಿಲ್ಲಿಸ್ತಾರಂತೆ," ಅಂದ ಆಲ್ಬಿನ್. "ಪರದೆ ಎಳೆಯೋದು ಯಾರು ಹೇಳು? ನಿನ್ನ ಪ್ರಾಣಕಾಂತ ಡ್ರೈಸ್‌ಬಾಕ್."

"ಕಲ್ಲಿನ ಮೇಲೆ ನಮ್ಮ ಹೆಸರಿದೆಯೇನೋ?"

ಆಲ್ಬಿನ್ ಕಾಫಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಲಕಿದ. "ಇಲ್ಲ ಕಣೇ. ಯಾವ್ಯಾವ ಹೆಸರು ಕೆತ್ತಬೇಕು ಅಂತ ಹೇಳಿದ್ದೂ ಅವನೇ ಅಂತೆ."

"ಬೇಕಂತಲೇ ಬಿಟ್ಟಿದಾನೆ."

"ಬೇಕಂತಲೇ ಇರಬೇಕು," ಅಂದ ಅವನು. ಅವಳ ಮಾತಿಗೆ ಇಲ್ಲವೆನ್ನುವ ಧೈರ್ಯ ಅವನಿಗೆ ಹದಿನಾರನೇ ವಯಸ್ಸಿನಲ್ಲೂ ಇರಲಿಲ್ಲ.

ಡ್ರೈಸ್‌ಬಾಕ್ ನಡೆಸುತ್ತಿದ್ದದ್ದು ವ್ಯಾಲಿ ಸಾವರಿನ್ಸ್ ಎಂಬ ಭಾರೀ ತಂಡ. ಆಲ್ಬಿನ್‌ಗೆ ಹದಿನಾರಾಗಿದ್ದ ಆ ವರ್ಷದ ಜುಲೈನಲ್ಲಿ ಲ್ಯಾಂಪ್‌ಲೈಟರ್ಸ್ ಅವರನ್ನು ಒಂದು ಸ್ಪರ್ಧೆಯಲ್ಲಿ ಸೋಲಿಸಿಬಿಟ್ಟರು, ಕೂದಲೆಳೆಯಷ್ಟೇ ಅಂತರದಲ್ಲಿ. ಮರುವಾರವೇ ಅವನ ಕಾರು ಟಾರ್ಬರ್ಟ್ ಗ್ಯಾಪಿಗೆ ಬಂತು. ಹೊಸ ಸಮವಸ್ತ್ರ, ಕ್ಯಾಲಿಫೋರ್ನಿಯಾ ಪ್ರವಾಸ, ಟಿವಿಯಲ್ಲಿ ಮುಖ, ಹೀಗೆ ಆಸೆ ಹುಟ್ಟಿಸಿ ಬ್ಯೂಗಲ್ ಸಾಲಿನ ಒಳ್ಳೊಳ್ಳೆಯವರನ್ನೆಲ್ಲ ಎತ್ತಿಕೊಂಡು ಹೋದ. ಮೊದಲು ಹೋದವನು ವೆರೋನಾಳ ಸ್ವಂತ ತಮ್ಮ ಆಂಡ್ರಿ. ಮುಂದಿನ ಸ್ಪರ್ಧೆಯ ಹೊತ್ತಿಗೆ ಹುಡುಗರು ಮನಸ್ಸು ಬದಲಿಸಿ ಬಂದೇ ಬರುತ್ತಾರೆಂದು ನಂಬಿದ ವೆರೋನಾ, ಸಾಲು ಕೂಡಿಸದೆ, ಹೋದವರ ಜಾಗಗಳನ್ನು ಖಾಲಿಯೇ ಬಿಡಿಸಿ ತಂಡವನ್ನು ಮೈದಾನಕ್ಕಿಳಿಸಿದಳು. ಯಾರೂ ಬರಲಿಲ್ಲ. ರಾಗ ಹಿಡಿಯಬೇಕಾದ ಕಡೆಯಲ್ಲೆಲ್ಲ ಬರೀ ಡ್ರಮ್ ಸದ್ದು. "ಹಲ್ಲುದುರಿದ ಬಾಚಣಿಗೆ" ಎಂದು ಪ್ರೇಕ್ಷಕರ ಕಟ್ಟೆಯ ಮೇಲಿಂದ ಡ್ರೈಸ್‌ಬಾಕ್ ಅಂದದ್ದು, ಜನ ನಕ್ಕದ್ದು, ಎರಡೂ ಅವಳ ಕಿವಿಗೆ ಬಿದ್ದವು. ತಂಡ ಆ ಚಳಿಗಾಲ ದಾಟಲಿಲ್ಲ.

ಆಂಡ್ರಿಯನ್ನು ಡ್ರೈಸ್‌ಬಾಕ್ ಒಂದು ದಿನವೂ ಊದಲು ಬಿಡಲಿಲ್ಲ. ಬೆಂಚಿನ ಮೇಲೆ ಕೂರಿಸಿ ನೀರು ಹೊರಿಸಿದ. ಅವನಿಗೆ ಬೇಕಾಗಿದ್ದದ್ದು ಆಂಡ್ರಿಯಲ್ಲ, ಲ್ಯಾಂಪ್‌ಲೈಟರ್ಸ್‌ನಲ್ಲಿ ಆಂಡ್ರಿ ಇಲ್ಲದಿರುವುದು. ಮರಳಿ ಬಂದ ತಮ್ಮ ಮುಖ ಎತ್ತಿ ಓಡಾಡಲಿಲ್ಲ, ಮತ್ತೆಂದೂ ಬ್ಯೂಗಲ್ ಮುಟ್ಟಲಿಲ್ಲ. ಹೋದ ಮಾಗಿಯಲ್ಲಿ ತೀರಿಕೊಂಡ. ಹೂಳುವಾಗ ವಿದಾಯದ ಬ್ಯೂಗಲ್ ಊದಲು ಒಬ್ಬನೂ ಸಿಗದೆ ಪಾದ್ರಿ ಟೇಪು ಹಾಕಿಸಿದರು. ಆವತ್ತೇ ಅವಳು ಗಟ್ಟಿ ಮಾಡಿಕೊಂಡಿದ್ದಳು, ಆ ಮನುಷ್ಯನನ್ನು ಮಂದಿಯ ಮುಂದೆ ಬಗ್ಗಿಸಿಯೇ ತಾನು ಸಾಯುವುದೆಂದು.

ದಾರಿಯನ್ನು ಡ್ರೈಸ್‌ಬಾಕ್‌ನೇ ತೋರಿಸಿಕೊಟ್ಟಿದ್ದ. ಆ ದಿನಗಳಲ್ಲಿ ಅವನ ಬಾಯಲ್ಲಿ ಸದಾ ಒಂದೇ ಮಂತ್ರ: ದೇಶದ ಬಾವುಟ ಎದುರು ಬಂದರೆ ಸೆಲ್ಯೂಟ್, ಅದು ದಾಟುವವರೆಗೆ ಕೈ ಇಳಿಯಕೂಡದು. ಬಿಸಿಲಿಗೆ ಬವಳಿ ಬಂದು ಕೈ ಇಳಿಸಿದ ಪುಟ್ಟ ಹುಡುಗಿಯನ್ನು ಎಲ್ಲರೆದುರು ತಂಡದಿಂದಲೇ ಓಡಿಸಿದ್ದ ಪುಣ್ಯಾತ್ಮ ಅವನು.

ಕಲ್ಲು ನಿಲ್ಲಿಸುವ ದಿನ ಪಾರ್ಕಿನಲ್ಲಿ ಕೋಸು-ನೂಡಲ್ಸಿನ ಘಮ, ಮಡಿಸುವ ಕುರ್ಚಿಗಳು, ಬಿಗಿಯಾದ ಹಳೇ ಜಾಕೆಟ್ಟುಗಳೊಳಗೆ ಉಸಿರು ಹಿಡಿದ ಮುದುಕರು. ವೇದಿಕೆಯೆದುರು ಹಾದುಹೋಗುವ ಬಾವುಟಗಳ ಸಾಲಿಗೆ ಯಾವ ಹಳೇ ತಂಡ ಬೇಕಾದರೂ ಸೇರಬಹುದಿತ್ತು. ಆ ಸಾಲಿನ ಕೊನೆಯಲ್ಲಿ ಬಂದವರು ಇಬ್ಬರೇ: ದೇಶದ ಬಾವುಟ ಹಿಡಿದ ಆಲ್ಬಿನ್, ಅವನ ಪಕ್ಕ ಲ್ಯಾಂಪ್‌ಲೈಟರ್ಸ್ ಬಾವುಟ ಹಿಡಿದ ವೆರೋನಾ. ಇಬ್ಬರ ನಡುವೆ ಒಬ್ಬ ಆಳಿನಷ್ಟು ಜಾಗ ಖಾಲಿ.

"ಒತ್ತಿಕೊಂಡು ನಡೀಲಾ?" ಅಂದ ಆಲ್ಬಿನ್.

"ಬೇಡ. ಅದು ಆಂಡ್ರಿ ಜಾಗ."

ವೇದಿಕೆಯ ಮುಂದೆ, ಮೈಕಿನ ಪಕ್ಕ, ಕೋಲೂರಿ ಡ್ರೈಸ್‌ಬಾಕ್ ನಿಂತಿದ್ದ. ಒಣಗಿ ಕಡ್ಡಿಯಾಗಿದ್ದ. ದೇಶದ ಬಾವುಟ ಹತ್ತಿರವಾದೊಡನೆ ಅವನ ಬಲಗೈ ತಾನಾಗಿ ಹಣೆಗೇರಿತು. ಅಷ್ಟಾದ ಮೇಲೆ ವೆರೋನಾ ಹಳೆಯ ಗಂಟಲಿನಲ್ಲೇ ಕೂಗಿದಳು, "ತಂಡ, ನಿಲ್."

ಆಲ್ಬಿನ್ ನಿಂತ. ಬಾವುಟ ಡ್ರೈಸ್‌ಬಾಕ್‌ನ ಮೂಗಿನೆದುರೇ ನಿಂತಿತು.

ಜನ ಇದೂ ಒಂದು ಮರ್ಯಾದೆಯೆಂದುಕೊಂಡು ಎದ್ದು ನಿಂತರು. ಹೊತ್ತು ಹೋಯಿತು. ಮುದುಕನ ಮೊಣಕೈ ಅದುರತೊಡಗಿತು, ಆಮೇಲೆ ಭುಜ, ಆಮೇಲೆ ಗದ್ದ. ಕೈ ಮಾತ್ರ ಇಳಿಯಲಿಲ್ಲ. ವೆರೋನಾ ಕಣ್ತುಂಬ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಂತೆ ಇತ್ತು.

"ಸಾಕು ಕಣೇ," ಅಂದ ಆಲ್ಬಿನ್ ತುಟಿ ಅಲುಗಿಸದೆ. "ಬಿದ್ದು ಸತ್ತುಗಿತ್ತು ಹೋದಾನು."

"ತೆಪ್ಪಗೆ ನಿಂತ್ಕೋ."

ಡ್ರೈಸ್‌ಬಾಕ್ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. ಬೈಗುಳಕ್ಕೆ, ಕ್ಷಮೆಗೆ, ಎರಡಕ್ಕೂ ಅವಳು ಉತ್ತರ ಕಟ್ಟಿಕೊಂಡು ಬಂದಿದ್ದಳು.

"ಅಮ್ಮಾ," ಅಂದ ಅವನು ಮೆತ್ತಗೆ, "ನಿಮ್ಮದು ಯಾವ ತಂಡ?"

"ನಾಟಕ ಬೇಡ."

"ಇಲ್ಲಮ್ಮಾ. ನಿಜವಾಗ್ಲೂ ಗೊತ್ತಾಗ್ತಿಲ್ಲ. ಎಷ್ಟೊಂದು ಇದ್ವು."

ಆ ಕಣ್ಣುಗಳಲ್ಲಿ ಸುಳ್ಳಿರಲಿಲ್ಲ. ಕಲ್ಲಿನ ಮೇಲೆ ಹೆಸರು ಬಿಟ್ಟದ್ದು ಹಗೆಯಿಂದಲ್ಲ, ನೆನಪೇ ಇಲ್ಲದ್ದರಿಂದ. ಅಷ್ಟು ಊರುಗಳ ಮಕ್ಕಳನ್ನು ಬಾಚಿಕೊಂಡವನಿಗೆ ಇದು ಯಾವ ಊರೆಂದು ಹೇಗೆ ತಿಳಿಯಬೇಕು? ಅವಳು ಹಗಲೂ ರಾತ್ರಿ ಎದೆಯಲ್ಲಿಟ್ಟು ಸಾಕಿದ ದ್ವೇಷಕ್ಕೆ ಆ ಕಡೆ ಗಿರಾಕಿಯೇ ಇರಲಿಲ್ಲ. ಅವನದೂ ಹಗೆಯಾಗಿದ್ದರೆ ಈ ಹೊತ್ತಿಗೆ ಅವನನ್ನು ಬಿಟ್ಟುಬಿಡುತ್ತಿದ್ದಳೇನೋ. ಈಗ ಮೈಯೆಲ್ಲ ಹೊಸದಾಗಿ ಉರಿಯಿತು.

ತನ್ನ ಬಾವುಟದ ಬಟ್ಟೆಯನ್ನು ಎಡಗೈಯಲ್ಲಿ ಬಿಡಿಸಿ ಅವನ ಮುಖದೆದುರು ಹಿಡಿದಳು. "ಓದಿ."

"ಲ್ಯಾಂಪ್‌ಲೈಟರ್ಸ್... ಟಾರ್ಬರ್ಟ್ ಗ್ಯಾಪ್."

"ಮೈಕಲ್ಲಿ."

ಅವನು ಮೈಕಿನತ್ತ ಬಾಗಿ ಓದಿದ. ಹೆಸರು ಪಾರ್ಕಿನ ಕೊನೆಯ ಮರದವರೆಗೂ ಕೇಳಿಸಿತು. ಕುರ್ಚಿಗಳ ನಡುವೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿ ಅರ್ಧಕ್ಕೆ ನಿಲ್ಲಿಸಿದರು.

"ಆಂಡ್ರಿ ಸಬೋಲ್. ಅದನ್ನೂ ಹೇಳಿ."

"ಯಾರಮ್ಮಾ ಅದು?"

"ನಿಮ್ಮ ಬೆಂಚಲ್ಲಿ ನೀರು ಹೊತ್ತೋನು. ಹೇಳಿ."

"ಆಂಡ್ರಿ ಸಬೋಲ್," ಅಂದ ಮುದುಕ ಮೈಕಿನಲ್ಲಿ. ಅವನ ಕೈ ಈಗ ಹಣೆಯ ಮೇಲೆ ತಾಳ ಹಾಕುತ್ತಿತ್ತು.

ಆಗ ಅವಳು ಅಪ್ಪಣೆ ಕೊಟ್ಟಳು. ಬಾವುಟ ದಾಟಿತು. ಹಿಂದೆ ಕುರ್ಚಿ ಎಳೆದ ಸದ್ದು, ಯಾರೋ ನೀರಿಗಾಗಿ ಕೂಗಿದ್ದು ಕೇಳಿಸಿತು. ಡ್ರಮ್ ಮೇಜರ್ ಹಿಂತಿರುಗಿ ನೋಡುವ ಪದ್ಧತಿಯಿಲ್ಲ, ಅವಳು ನೋಡಲಿಲ್ಲ.

ಮರಗಳ ನೆರಳಿಗೆ ಬಂದ ಮೇಲೆ ಆಲ್ಬಿನ್ ಬಾವುಟದ ಕೋಲಿಗೆ ಒರಗಿ ಏದುಸಿರು ಬಿಟ್ಟ. "ಏನು ಸುಖ ಬಂತೇ? ನಾಳೆ ಬೆಳಗ್ಗೆ ಎದ್ದರೆ ಅವನಿಗೆ ಇದೂ ನೆನಪಿರಲ್ಲ."

"ಮರೀಲಿ," ಅಂದಳು ವೆರೋನಾ, ಬಾವುಟ ಸುತ್ತುತ್ತ. "ಮುಂದಿನ ವರ್ಷ ಮತ್ತೆ ಬಂದು ಹೇಳಿಸ್ತೀನಿ. ಈಗ ಚರ್ಚ್ ಹತ್ರ ಗಾಡಿ ನಿಲ್ಸು. ಅಲ್ಲೀವರೆಗೂ ಅವನನ್ನ ಗಟ್ಟಿಯಾಗಿಡಪ್ಪಾ ದೇವರೇ ಅಂತ ಒಂದು ಮೇಣದಬತ್ತಿ ಹಚ್ಚಿ ಬರ್ತೀನಿ."