ಕಮಲಕ್ಕನ ಬುಟ್ಟಿ ತುಂಬಿದ್ದು

ಮೇಗುಂದದ ಕಮಲಕ್ಕ ಅಡಿಕೆ ಸುಲಿಯಲು ಕೂತರೆ ಗೊನೆಯಲ್ಲಿದ್ದ ಕಾಯಿಗಳು ಹೆದರಿ ತಾವೇ ಸಿಪ್ಪೆ ಬಿಚ್ಚಿಕೊಳ್ಳುತ್ತಿದ್ದವು. ಇದನ್ನು ನಂಬದವರು ಹರಿಹರಪುರದಲ್ಲಿ ಇಬ್ಬರಿದ್ದರು. ಒಬ್ಬರು ತೀರಿಕೊಂಡರು, ಇನ್ನೊಬ್ಬರು ಈಗ ನಂಬುತ್ತಾರೆ.

ಎರಡು ಸಾವಿರದ ನಾಲ್ಕರಲ್ಲಿ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಜಾರಿ ಬಿದ್ದು ಅವಳ ಬಲ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿತು. ಬೆರಳುಗಳು ಮಾತ್ರ ನಡುಗುವುದನ್ನು ಕಲಿತವು, ಮರೆಯಲಿಲ್ಲ.

ಆ ಊರಲ್ಲಿ ಅಡಿಕೆ ಸುಲಿಯುವುದು ಮುಯ್ಯಾಳಿನ ಮೇಲೆ. ಇವತ್ತು ನಾನು ನಿಮ್ಮ ಮನೆಗೆ, ನಾಳೆ ನೀವು ನಮ್ಮ ಮನೆಗೆ. ಕೈ ಸಾಗದವಳನ್ನು ಯಾರು ಕರೆಯುತ್ತಾರೆ? ಕರೆಯದಿದ್ದರೆ ನಮ್ಮನೆಗೆ ಬನ್ನಿ ಎಂದು ಕೇಳುವುದು ಯಾವ ಬಾಯಲ್ಲಿ? ಕಮಲಕ್ಕನದು ಅರ್ಧ ಎಕರೆ ತೋಟ, ಮನೆಯಲ್ಲಿ ಅವಳೊಬ್ಬಳೇ. ಕೊಯ್ದ ಅಡಿಕೆ ಯಾರಿಗೂ ಕಾಯುವುದಿಲ್ಲ. ಈ ಹೆದರಿಕೆಯನ್ನು ಯಾರಿಗೂ ಹೇಳದೆ, ದೇವಪ್ಪನ ಮನೆಯ ಸುಲಿತಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂತಳು.

ಮಣೆಯನ್ನು ಕಾಲಲ್ಲಿ ಮೆಟ್ಟಿ, ಅದರಲ್ಲಿ ನೆಟ್ಟ ಕತ್ತಿಗೆ ಕಾಯಿ ಒತ್ತಿ ಸಿಪ್ಪೆ ಸೀಳಬೇಕು. ಬೆರಳು ನಿಲ್ಲದವಳಿಗೆ ಅದು ಹಾವಿನ ಬಾಯಿಗೆ ಕೈ ಇಟ್ಟ ಹಾಗೆ. ಉಳಿದವರು ಹತ್ತು ಸುಲಿಯುವಾಗ ಅವಳದು ಎರಡು.

ಅಷ್ಟರಲ್ಲಿ ದೇವಪ್ಪ ಶುರು ಮಾಡಿದ.

"ಕಮಲಕ್ಕ, ಇಲ್ಲಿ ಕೇಳಿ. ನಮ್ಮನೆ ಎಮ್ಮೆ ಫೋನ್ ರಿಂಗ್ ಆಗದೆ ಹಾಲು ಇಳಿಸೋದೇ ಇಲ್ಲ ಮಾರಾಯ್ರೆ."

"ಹೌದಾ!"

"ರಾಂಗ್ ನಂಬರ್ ಆದ್ರೆ ಮಾತ್ರ ಒದೀತದೆ."

ಕಮಲಕ್ಕ ಎಮ್ಮೆಯ ಕಡೆ ನೋಡಿದಳು. ಎಮ್ಮೆ ಸುಳ್ಳು ಹೇಳುವ ಮುಖದ್ದಲ್ಲ.

ಕಾಫಿ ಬಂದಾಗ ತಿರುಗಿ ನೋಡಿದರೆ ಅವಳ ಬುಟ್ಟಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅಂಗಳದಲ್ಲಿ ಅಷ್ಟು ತುಂಬಿದ ಬುಟ್ಟಿ ಇನ್ನೊಂದಿರಲಿಲ್ಲ. ಎಂಟು ಜನ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ತಾನೊಬ್ಬನೇ ಪುಣ್ಯವಂತ ಎಂದುಕೊಂಡು ಹಿಡಿಹಿಡಿ ಹಾಕಿದ್ದರು. ಈಗ ಎಲ್ಲರೂ ಕಾಫಿಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ನೋಡುತ್ತಿದ್ದರು.

ಕಮಲಕ್ಕ ಒಂದು ಅಡಿಕೆ ಎತ್ತಿದಳು. ಅರ್ಧ ಸಿಪ್ಪೆ ಹಾಗೇ ಇತ್ತು. ಇನ್ನೊಂದಕ್ಕೆ ಕತ್ತಿಯ ಗಾಯ.

"ಇದು ಯಾರ ಕೆಲ್ಸ?"

"ನಿಮ್ಮ ಬುಟ್ಟೀಲಿ ಇದ್ಮೇಲೆ ನಿಮ್ದೇ ಅಲ್ದಾ?" ಎಂದ ದೇವಪ್ಪ.

"ನಾನು ಹಿಂಗೆ ಸುಲಿತೀನಾ? ಕನಿಕರ ತೋರ್ಸೋದಾದ್ರೆ ನೆಟ್ಟಗೆ ಸುಲಿದಾದ್ರೂ ತೋರ್ಸಿ! ಈ ಹಾಳು ಅಡಿಕೆ ನನ್ನ ಹೆಸ್ರಲ್ಲಿ ಹೋಗ್ಬೇಕಾ?"

ಕತ್ತಿ ಎತ್ತಿಕೊಂಡು ಹೊರಟೇಬಿಟ್ಟಳು. ಬೇಲಿಯಾಚೆ ಮನೆಯ ವೀರಮ್ಮ ಅಡ್ಡ ಕಾಲು ಚಾಚಿದಳು. ಆ ಬುಟ್ಟಿಗೆ ಒಂದೂ ಹಾಕದವಳು ಅವಳೊಬ್ಬಳೇ.

"ಕಾಫಿ ಆರ್ತದೆ. ಕೂತ್ಕ."

"ನೀನೂ ಹಾಕಿದ್ಯ?"

"ನಂಗೆಂತ ಹುಚ್ಚಾ? ಕಮಲಾ, ನಿಂಗೆ ಎಂತ ಕಷ್ಟ ಆಗ್ತದೆ ಹೇಳು."

ಕೈ ಮುರಿದ ಆರು ತಿಂಗಳಲ್ಲಿ ಕೊಪ್ಪದಿಂದ ನರಸಿಂಹರಾಜಪುರದವರೆಗೆ ನಲವತ್ತು ಜನ ಅವಳಿಗೆ ನಲವತ್ತು ಬಗೆಯ ಎಣ್ಣೆ ಹೇಳಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಕತ್ತಿಗೆ ಒತ್ತೋಕೆ ಆಗಲ್ಲ. ಸೀಳಿದ್ದನ್ನ ಬಿಡಿಸ್ತೀನಿ." ಮತ್ತೆ ಹೇಳಿದಳು, "ಮುಂದಿನ ವರ್ಷ ನನ್ನ ಕರೀದೆ ಇದ್ರೆ ಅಂತ ಹೆದ್ರಿಕೆ ಕಣೇ."

 

"ನಮ್ಮನೆಯೋರು ತೀರ್ಕಂಡ ವರ್ಷ ಊರೆಲ್ಲ ಬಂದು ಸಮಾಧಾನ ಹೇಳ್ತು," ಎಂದಳು ವೀರಮ್ಮ. "ಹೇಳಿ ಹೇಳಿ ನಂಗೆ ತಲೆನೋವು. ನೀನೊಬ್ಳು ಮಾತೇ ಆಡ್ಲಿಲ್ಲ. ಮೂರು ದಿನ ನನ್ನ ಪಕ್ಕ ಕೂತು ಸುಲಿದು ಹೋದೆ. ಆಗ ನಂಗೆ ಅಷ್ಟೇ ಬೇಕಿತ್ತು, ನಿಂಗೆ ಹೆಂಗೆ ಗೊತ್ತಾಯ್ತೋ! ಕತ್ತಿ ಅಲ್ಲಿಡು. ನಾನು ಸೀಳ್ತೀನಿ, ನೀನು ಬಿಡಿಸು."

ಇಬ್ಬರೂ ಒಂದೇ ಮಣೆಗೆ ಎದುರುಬದುರು ಕೂತರು. ವೀರಮ್ಮ ಸೀಳಿ ಎಸೆದದ್ದು ನೆಲ ಮುಟ್ಟುವ ಮೊದಲೇ ಕಮಲಕ್ಕ ಬಿಡಿಸುತ್ತಿದ್ದಳು. ಸಂಜೆಯ ಹೊತ್ತಿಗೆ ನಾಲ್ಕು ಜನರ ಕೆಲಸ ಮುಗಿದಿತ್ತು. ಆರು ಜನರದು ಎನ್ನಬಹುದಿತ್ತು, ಆದರೆ ಸುಳ್ಳು ಹೇಳಬಾರದು.

ಕೈ ತೊಳೆಯುವಾಗ ದೇವಪ್ಪ ಕೇಳಿದ, "ಕಮಲಕ್ಕ, ನಿಮ್ಮನೆ ಸುಲಿತ ಯಾವಾಗ ಇಟ್ಕಂಡಿದೀರಿ? ಮೊದ್ಲೇ ಹೇಳ್ಬೇಕಪ್ಪ, ನಾವೆಲ್ಲ ಬರೋರು."

ಥ್ಯಾಂಕ್ಸ್ ಎನ್ನುವ ಶಬ್ದ ಆಗ ಮೇಗುಂದದ ಕಡೆ ಬ್ಯಾಂಕಿನೊಳಗೆ ಮಾತ್ರ ಬಳಕೆಯಲ್ಲಿತ್ತು. ಕಮಲಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಒರೆಸಿಕೊಂಡಳು.

"ಸೋಮವಾರ," ಎಂದಳು. "ಕಡುಬು ಮಾಡಿರ್ತೀನಿ. ಮನೇಲಿ ತಿಂದ್ಕಂಡು ಬಂದ್ರೆ ಒಳಗೆ ಬಿಡಲ್ಲ."

ಸೋಮವಾರ ಒಂಬತ್ತೂ ಜನ ಹೋದರು. ಕಮಲಕ್ಕ ಎಷ್ಟು ಕಡುಬು ಬೇಯಿಸಿದ್ದಳೆಂದರೆ ಅದರ ಹಬೆ ಶೃಂಗೇರಿಯವರೆಗೂ ಹೋಗಿ, ಅಲ್ಲಿಯವರು ಮಂಜು ಬಿತ್ತೆಂದು ಸ್ವೆಟರ್ ಹಾಕಿಕೊಂಡರು.